ಹಳೆಯ ಗಾರೆಯ ಪರೀಕ್ಷೆ: ಒಂದು ಹಿನ್ನೋಟ

ತಿಳಿ ಸುಣ್ಣದ ನೀರಿಗೆ ಕೊಳವೆಯಿಂದ ಉಸಿರು ಊದಿದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ನಾವೆಲ್ಲ ನೋಡಿರುವ ಈ ಕ್ರಿಯೆಯೇ ಹಳೆಯ ಕೋಟೆ, ಅರಮನೆ, ಮಸೀದಿಗಳ ಗೋಡೆಗಳಲ್ಲಿ ಬಹು ನಿಧಾನವಾಗಿ ನಡೆದಿದೆ. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಕಾರ್ಬನ್ ಡೈಆಕ್ಸೈಡ್ ಹೊರಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಅದು ಅರಳುತ್ತದೆ. ಅರಳಿದ ಸುಣ್ಣವನ್ನು ಮರಳಿನೊಡನೆ ಅರೆದು ಮಾಡಿದ ಗಾರೆಯು ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ.

ಕಾರ್ಬೊನೇಟ್ ಆಮ್ಲದಲ್ಲಿ ಕರಗುತ್ತದೆ, ಮರಳು ಕರಗುವುದಿಲ್ಲ. ಹಳೆಯ ಗಾರೆಯ ವಿಶ್ಲೇಷಣೆ ಈ ಸರಳ ವ್ಯತ್ಯಾಸದ ಮೇಲೆ ನಿಂತಿದೆ. ವಿಶೇಷವೆಂದರೆ, ಆಮ್ಲದ ಪರೀಕ್ಷೆ ಮೊದಲು ನೆರವಾದುದು ಹಳೆಯ ಕಟ್ಟಡದ ದುರಸ್ತಿಗಲ್ಲ, ಹೊಸ ಕಟ್ಟಡಕ್ಕೆ.

ಕಡಲ ನಡುವಿನ ದೀಪಸ್ತಂಭ

ಇಂಗ್ಲೆಂಡಿನ ಪ್ಲಿಮತ್ ಬಳಿಯ ಎಡಿಸ್ಟೋನ್ ಬಂಡೆಯ ಮೇಲಿದ್ದ ದೀಪಸ್ತಂಭ 1755ರಲ್ಲಿ ಸುಟ್ಟುಹೋಯಿತು. ಹೊಸದನ್ನು ಕಟ್ಟುವ ಹೊಣೆ ಹೊತ್ತ ಎಂಜಿನಿಯರ್ ಜಾನ್ ಸ್ಮೀಟನ್‌ಗೆ ನೀರಿನಲ್ಲೂ ಗಟ್ಟಿಯಾಗುವ ಗಾರೆ ಬೇಕಿತ್ತು. ಗಟ್ಟಿ ಕಲ್ಲು ಸುಟ್ಟರೆ ಗಟ್ಟಿ ಸುಣ್ಣ ಎಂಬುದು ಅಂದಿನ ನಂಬಿಕೆ. ಸ್ಮೀಟನ್ 1756ರಲ್ಲಿ ಬೇರೆ ಬೇರೆ ಊರುಗಳ ಸುಣ್ಣದಿಂದ ಗಾರೆಯ ಉಂಡೆ ಮಾಡಿ ನೀರಿನಲ್ಲಿಟ್ಟು ನೋಡಿದರು. ಕಲ್ಲುಗಳನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿಯೂ ನೋಡಿದರು. ನೀರಿನಲ್ಲಿ ಗಟ್ಟಿಯಾಗುವ ಸುಣ್ಣ ಕೊಡುವ ಕಲ್ಲುಗಳು ಆಮ್ಲದಲ್ಲಿ ಜೇಡಿಮಣ್ಣನ್ನು ಉಳಿಸುತ್ತಿದ್ದವು. ಗುಣ ಕಲ್ಲಿನ ಗಡಸುತನದಲ್ಲಿರಲಿಲ್ಲ, ಅದರೊಳಗಿನ ಜೇಡಿಯಲ್ಲಿತ್ತು. 1759ರಲ್ಲಿ ದೀಪ ಬೆಳಗಿತು. 1882ರಲ್ಲಿ ಹೊಸ ದೀಪಸ್ತಂಭ ಕಟ್ಟಬೇಕಾಗಿ ಬಂದುದು ಸ್ಮೀಟನ್‌ರ ಗೋಪುರ ಸೋತಿದ್ದರಿಂದಲ್ಲ, ಅದರ ಅಡಿಯ ಬಂಡೆ ಸವೆದಿದ್ದರಿಂದ.

ಸಿಮೆಂಟಿನ ಕಾಲ

1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲೆಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ ಮೇಲೆ ಸುಣ್ಣದ ಗಾರೆ ಕ್ರಮೇಣ ಹಿಂದೆ ಸರಿಯಿತು. ಸ್ಮಾರಕ ಸಂರಕ್ಷಣೆಯ ಬಗೆಗಿನ 1931ರ ಅಥೆನ್ಸ್ ಸನ್ನದು ಕೂಡ ಆಧುನಿಕ ಸಾಮಗ್ರಿಗಳನ್ನು, ವಿಶೇಷವಾಗಿ ಬಲವರ್ಧಿತ ಕಾಂಕ್ರೀಟನ್ನು, ವಿವೇಚನೆಯಿಂದ ಬಳಸಲು ಒಪ್ಪಿತು.

ಪರಿಣಾಮ ಕೆಲವು ದಶಕಗಳಲ್ಲಿ ಕಾಣಿಸಿತು. ಹಳೆಯ ಗೋಡೆಯ ತೇವ ರಂಧ್ರಗಳಿರುವ ಸುಣ್ಣದ ಗಾರೆಯ ಮೂಲಕ ಆರಿಹೋಗುತ್ತದೆ. ಸಂದುಗಳಿಗೆ ಸಿಮೆಂಟ್ ತುಂಬಿದರೆ ಈ ದಾರಿ ಮುಚ್ಚಿ ನೀರು ಮೆದು ಕಲ್ಲಿನ ಮೂಲಕವೇ ಹೊರಬರಬೇಕಾಗುತ್ತದೆ. ಜೊತೆಗೆ ಬಂದ ಲವಣಗಳು ಕಲ್ಲಿನ ರಂಧ್ರಗಳಲ್ಲಿ ಹರಳುಗಟ್ಟಿ ಅದನ್ನು ಒಡೆಯುತ್ತವೆ. ಸಿಮೆಂಟಿನಲ್ಲಿರುವ ಕ್ಷಾರಗಳೂ ಇಂಥ ಲವಣಗಳಿಗೆ ಮೂಲವಾಗಬಲ್ಲವು. ಕೊನೆಗೆ ಸಂದಿನ ಸಿಮೆಂಟ್ ಹಾಗೇ ನಿಂತು ನಡುವಿನ ಕಲ್ಲು ಉದುರಿ ಹೋಗುತ್ತದೆ. ಗಾರೆ ಹೋದರೆ ಮತ್ತೆ ತುಂಬಬಹುದು. ಕೆತ್ತಿದ ಕಲ್ಲು ಹೋದರೆ ಮರಳಿ ಬಾರದು.

ಆಮ್ಲ ಹೇಳುವುದು, ಹೇಳದಿರುವುದು

ದುರಸ್ತಿಯ ಗಾರೆ ಮೂಲಕ್ಕೆ ಹೊಂದಬೇಕಾದರೆ ಮೂಲದ ಸ್ವರೂಪ ತಿಳಿಯಬೇಕು. ಪೋಲೆಂಡಿನ ಹಾನ್ನಾ ಯೆಂಜೆಯೆವ್ಸ್ಕಾ 1960ರಲ್ಲಿ ಒಂದು ಸುಲಭ ವಿಧಾನವನ್ನು ಪ್ರಕಟಿಸಿದರು. ತೂಗಿದ ಗಾರೆಗೆ ಆಮ್ಲ ಸೇರಿಸಿ ಹೊರಬಂದ ಕಾರ್ಬನ್ ಡೈಆಕ್ಸೈಡನ್ನು ಅಳೆಯುವುದು, ಉಳಿದ ಮರಳನ್ನು ತೂಗುವುದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. 100 ಗ್ರಾಂ ಒಣ ಗಾರೆಯಿಂದ 11 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬಂದು 70 ಗ್ರಾಂ ಮರಳು ಉಳಿಯಿತೆನ್ನಿ. 44 ಗ್ರಾಂ ಅನಿಲಕ್ಕೆ 100 ಗ್ರಾಂ ಕಾರ್ಬೊನೇಟ್. ಆದ್ದರಿಂದ ಇಲ್ಲಿದ್ದುದು 25 ಗ್ರಾಂ. ಅದು 18.5 ಗ್ರಾಂ ಅರಳಿದ ಸುಣ್ಣಕ್ಕೆ ಸಮ. ಸುಣ್ಣ ಮತ್ತು ಮರಳಿನ ತೂಕದ ಪ್ರಮಾಣ ಸುಮಾರು 1:3.8. ಲೆಕ್ಕಕ್ಕೆ ಸಿಗದ 5 ಗ್ರಾಂ ಆಮ್ಲದಲ್ಲಿ ಕರಗಿದ ಇತರ ವಸ್ತು.

ಎಚ್ಚರ ಬೇಕಾದುದು ಇಲ್ಲಿಯೇ. ಮರಳಿನಲ್ಲಿ ಕಪ್ಪೆಚಿಪ್ಪಿನ ಚೂರುಗಳಿದ್ದರೆ ಅವೂ ಕರಗಿ, ಸುಣ್ಣವಿದ್ದುದಕ್ಕಿಂತ ಹೆಚ್ಚೆಂದು ತೋರುತ್ತದೆ. ಇನ್ನು ಲೆಕ್ಕಕ್ಕೆ ಸಿಗದ ಆ ಭಾಗದಲ್ಲಿಯೇ ಗಾರೆಯ ಬಲ ಅಡಗಿರಬಹುದು. ಇಸ್ತಾಂಬುಲ್‌ನಲ್ಲಿ 532ರಿಂದ 537ರವರೆಗೆ ಕಟ್ಟಿದ ಹಾಗಿಯಾ ಸೋಫಿಯಾದ ಗಾರೆಯಲ್ಲಿ ಸುಣ್ಣದ ಜೊತೆ ಇಟ್ಟಿಗೆಯ ಪುಡಿ, ಚೂರುಗಳಿವೆ. ಸುಣ್ಣ ಮತ್ತು ಸುಟ್ಟ ಜೇಡಿ ಕೂಡಿ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಉಂಟಾಗಿರುವುದನ್ನು ವಿಶ್ಲೇಷಣೆಗಳು ತೋರಿಸಿವೆ. ನಮ್ಮ ಸುರ್ಕಿ ಗಾರೆಯ ತತ್ತ್ವವೂ ಇದೇ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆ ನಿಂತಿರುವುದು ಈ ಗಾರೆಯ ಮೇಲೆ. ಆಮ್ಲ ಈ ಬಂಧಗಳನ್ನು ಕೆಡಿಸಿಬಿಡುತ್ತದೆ. ಹಾಗಾಗಿ ಮೊದಲು ಗಾರೆಯ ತೆಳು ಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಎಕ್ಸ್-ಕಿರಣ ವಿವರ್ತನೆಯಿಂದ ಖನಿಜಗಳನ್ನು ಗುರುತಿಸಬೇಕು. ಆಮ್ಲದ ಸರದಿ ಆಮೇಲೆ.

ಪಾಕ ಮಾತ್ರವಲ್ಲ

ಹಳೆಯ ಪಾಕ ತಿಳಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. 1981ರಲ್ಲಿ ರೋಮ್‌ನಲ್ಲಿ ನಡೆದ ಇಕ್ರೋಮ್ ಸಂಸ್ಥೆಯ ವಿಚಾರ ಸಂಕಿರಣದ ವಿಷಯವೇ ಸ್ಮಾರಕಗಳಲ್ಲಿ ಬಳಸುವ ಗಾರೆ ಮತ್ತು ಸಿಮೆಂಟು. ಹೊಸ ಗಾರೆಯ ಬಲ, ರಂಧ್ರಗಳು, ನೀರು ಹಾಯಿಸುವ ಗುಣ ಇವು ಈಗಿನ ಗೋಡೆಗೆ ಹೊಂದಬೇಕೆಂಬುದು ಇಂದು ಸಂರಕ್ಷಣಾಕಾರರು ಒಪ್ಪಿರುವ ನಿಯಮ. ನೂರಾರು ವರ್ಷ ಮಳೆಬಿಸಿಲು ಕಂಡ ಕಲ್ಲು ಕಟ್ಟಿದಾಗಿನಷ್ಟು ಗಟ್ಟಿಯಾಗಿರುವುದಿಲ್ಲ. ಗಾರೆ ಯಾವಾಗಲೂ ಕಲ್ಲಿಗಿಂತ ಮೆದುವಾಗಿರಬೇಕು. ಸವೆಯುವ ಸರದಿ ಬಂದಾಗ ಮೊದಲು ಸವೆಯಬೇಕಾದುದು ಗಾರೆಯೇ.