44ರ ವಯಸ್ಸಿನಲ್ಲಿ ಚರ್ಚ್ ಬದಲಿಸಿದ ನ್ಯೂಮನ್

ಒಂದು ಕ್ರಿಸ್‌ಮಸ್ ವರದಿಯಲ್ಲಿ ಸಿಎಸ್‌ಐ ಚರ್ಚಿನ ಪಾಸ್ಟರ್ ಅವರನ್ನು ನಾವು 'ಫಾದರ್' ಎಂದು ಬರೆದುಬಿಟ್ಟಿದ್ದೆವು. ಬೆಳಿಗ್ಗೆಯೇ ಫೋನ್ ಬಂತು. 'ಫಾದರ್ ಅನ್ನೋದು ಕ್ಯಾಥೊಲಿಕರಲ್ಲಿ ಕಣಪ್ಪ, ನಾವು ಪ್ರಾಟೆಸ್ಟೆಂಟರು' ಎಂದು ತಾಳ್ಮೆಯಿಂದಲೇ ತಿದ್ದಿದರು. ಹೊರಗಿನವರಿಗೆ ಎರಡೂ ಚರ್ಚೇ. ಒಳಗಿನವರಿಗೆ ಆ ಗೆರೆ ದಾಟುವುದು ಎಷ್ಟು ದೊಡ್ಡ ಮಾತು ಎಂಬುದು ನಮಗೆ ಅರ್ಥವಾದದ್ದು ಇಂಗ್ಲೆಂಡಿನ ಜಾನ್ ಹೆನ್ರಿ ನ್ಯೂಮನ್ ಕಥೆ ಓದಿದ ಮೇಲೆ.

ನ್ಯೂಮನ್ ಹುಟ್ಟಿದ್ದು 1801ರಲ್ಲಿ. ಆಕ್ಸ್‌ಫರ್ಡಿನ ಕಾಲೇಜಿನಲ್ಲಿ ಹುದ್ದೆ, ಅಲ್ಲಿನ ಸೇಂಟ್ ಮೇರಿ ಚರ್ಚಿನಲ್ಲಿ ಗುರು. ಅವರ ಪ್ರವಚನಕ್ಕೆ ವಿದ್ಯಾರ್ಥಿಗಳು ಮುಗಿಬೀಳುತ್ತಿದ್ದರು. ಆದರೆ ಅದು ಎಂಥ ಊರು ಗೊತ್ತೇ? ದೊರೆ 8ನೇ ಹೆನ್ರಿ 1534ರಲ್ಲಿ ಪೋಪರ ಅಧಿಕಾರ ತಳ್ಳಿಹಾಕಿದ ಮೇಲೆ ಇಂಗ್ಲೆಂಡಿನ ಕ್ಯಾಥೊಲಿಕರು ಬಹುಕಾಲ ಎರಡನೇ ದರ್ಜೆಯವರಾಗಿದ್ದರು. ಸಂಸತ್ತಿನಲ್ಲಿ ಅವರಿಗೆ ಮತ್ತೆ ಜಾಗ ಸಿಕ್ಕಿದ್ದೇ 1829ರಲ್ಲಿ. ಆಕ್ಸ್‌ಫರ್ಡ್ ಸೇರಬೇಕಾದರೆ ಇಂಗ್ಲೆಂಡಿನ ಚರ್ಚಿನ 39 ನಿಯಮಗಳಿಗೆ ಸಹಿ ಹಾಕಲೇಬೇಕಿತ್ತು. ಕ್ಯಾಥೊಲಿಕ್ ಆದರೆ ಅಲ್ಲಿ ಅನ್ನವಿಲ್ಲ.

ಅವರ ಮನಸ್ಸು ಕದಲಿಸಿದ್ದು ಯಾವ ಪಾದ್ರಿಯೂ ಅಲ್ಲ, ಇತಿಹಾಸದ ಓದು. ತಮ್ಮ ಚರ್ಚು ರೋಮ್‌ಗೂ ಕಟ್ಟಾ ಪ್ರಾಟೆಸ್ಟೆಂಟರಿಗೂ ನಡುವಿನ ದಾರಿ ಎಂದು ನ್ಯೂಮನ್ ನಂಬಿದ್ದರು. 1839ರ ಬೇಸಿಗೆಯಲ್ಲಿ 5ನೇ ಶತಮಾನದ ಚರ್ಚಿನ ಜಗಳಗಳನ್ನು ಓದುತ್ತಾ ಕೂತರು. ಅಲ್ಲಿಯೂ ನಡುದಾರಿಯವರಿದ್ದರು. ಕೊನೆಗೆ ಅವರು ಚರ್ಚಿನ ಹೊರಗೆ ಉಳಿದರು, ರೋಮ್ ಇದ್ದಲ್ಲೇ ಇತ್ತು. ನಾವೂ ಆ ನಡುದಾರಿಯವರೇ ಇರಬಹುದಲ್ಲ ಎಂಬ ಭಯ ಅವರೊಳಗೆ ಹೊಕ್ಕಿತು. ಆಮೇಲೂ ಆರು ವರ್ಷ ಹಿಡಿಯಿತು. ಆತುರದ ಮನುಷ್ಯ ಅಲ್ಲವೇ ಅಲ್ಲ.

1843ರಲ್ಲಿ ಚರ್ಚಿನ ಹುದ್ದೆ ಬಿಟ್ಟರು. ಆಗಲೇ ಅವರ ವಾಸ ಪಕ್ಕದ ಲಿಟಲ್‌ಮೋರ್ ಹಳ್ಳಿಯಲ್ಲಿ, ಕುದುರೆ ಲಾಯವನ್ನೇ ಮನೆ ಮಾಡಿದ ಜಾಗ. 1845ರ ಅಕ್ಟೋಬರ್ 8ರ ರಾತ್ರಿ ಜೋರು ಮಳೆ. ಇಟಲಿಯ ಕ್ಯಾಥೊಲಿಕ್ ಪಾದ್ರಿ ಡೊಮಿನಿಕ್ ಬಾರ್ಬೆರಿ ಗಾಡಿಯ ಹೊರಸೀಟಿನಲ್ಲಿ ನೆನೆದು ತೊಪ್ಪೆಯಾಗಿ ಬಂದಿಳಿದರು. ಹುಡುಗನಾಗಿದ್ದಾಗ ಕುರಿ ಕಾಯುತ್ತಿದ್ದ ರೈತನ ಮಗ. ಒಲೆಯ ಮುಂದೆ ಬಟ್ಟೆ ಒಣಗಿಸಿಕೊಳ್ಳುತ್ತಿದ್ದಾಗ ನ್ಯೂಮನ್ ಒಳಗೆ ಬಂದು ಮಂಡಿಯೂರಿದರು, ತಮ್ಮನ್ನು ಕ್ಯಾಥೊಲಿಕ್ ಸಭೆಗೆ ಸೇರಿಸಿಕೊಳ್ಳಿ ಎಂದು ಕೇಳಿದರು. ಆಕ್ಸ್‌ಫರ್ಡಿನ ಪಂಡಿತ, ಕುರಿಗಾಹಿಯ ಮುಂದೆ. ನಮಗೆ ಇಡೀ ಕಥೆಯಲ್ಲಿ ಹಿಡಿಸಿದ ಚಿತ್ರ ಇದೇ. ಮರುದಿನ ಸಂಜೆ ಸೇರ್ಪಡೆ ಮುಗಿಯಿತು. ಅದರ ಮರುಬೆಳಗಿನ ಪೂಜೆಗೆ ನ್ಯೂಮನ್ ಬರೆಯುತ್ತಿದ್ದ ಮೇಜೇ ಬಲಿಪೀಠವಾಯಿತು.

ಕಳೆದುಕೊಂಡದ್ದು ಕಡಿಮೆಯಲ್ಲ. ಕಾಲೇಜಿನ ಹುದ್ದೆಗೆ ಆ ವಾರವೇ ರಾಜೀನಾಮೆ ಕೊಟ್ಟಾಗಿತ್ತು. ತಂಗಿ ಹ್ಯಾರಿಯೆಟ್ ಮಾತು ಬಿಟ್ಟವರು 1852ರಲ್ಲಿ ಸಾಯುವವರೆಗೂ ಆಡಲಿಲ್ಲ. 1846ರಲ್ಲಿ ಆಕ್ಸ್‌ಫರ್ಡ್ ಬಿಟ್ಟವರು ಮತ್ತೆ ಅಲ್ಲಿಗೆ ಹೋದದ್ದು 32 ವರ್ಷದ ಮೇಲೆ. ಹೊಸ ಮನೆಯಲ್ಲೂ ಸುಖವಿರಲಿಲ್ಲ. 1859ರಲ್ಲಿ ಬರೆದ ಒಂದು ಲೇಖನದ ಮೇಲೆ ರೋಮ್‌ಗೆ ದೂರು ಹೋಯಿತು. ಕಾರ್ಡಿನಲ್ ಪದವಿ ಬಂದದ್ದು 1879ರಲ್ಲಿ, ಮುದಿ ವಯಸ್ಸಿನಲ್ಲಿ. 2019ರಲ್ಲಿ ಸಂತರೆಂದು ಘೋಷಿಸಿದಾಗ ಅದೇ ವೇದಿಕೆಯಲ್ಲಿ ಕೇರಳದ ಮರಿಯಂ ತ್ರೇಸಿಯಾ ಹೆಸರೂ ಇತ್ತು.

ಹಳೆಯ ಗೆಳೆಯರಲ್ಲಿ ಜಾನ್ ಕೆಬಲ್ ಮುಖ್ಯರು. ಅವರು ಹಳೆಯ ಚರ್ಚಿನಲ್ಲೇ ಉಳಿದಿದ್ದರು. 1865ರಲ್ಲಿ ನ್ಯೂಮನ್ ಅವರ ಹಳ್ಳಿಗೆ ಹೋದರು. ಬಾಗಿಲಲ್ಲಿ ಕೆಬಲ್ ನಿಂತಿದ್ದರು. ಇವರಿಗೆ ಅವರ ಗುರುತು ಸಿಗಲಿಲ್ಲ, ಅವರಿಗೂ ಇವರ ಗುರುತು ಸಿಗಲಿಲ್ಲ. ಒಳಗೆ ಇನ್ನೊಬ್ಬ ಹಳೆಯ ಗೆಳೆಯ ಪ್ಯೂಸಿಯೂ ಇದ್ದರು. ಮೂವರು ಮುದುಕರು ಒಟ್ಟಿಗೆ ಊಟ ಮಾಡಿದರು. ಮುಂದಿನ ಮಾರ್ಚ್‌ನಲ್ಲಿ ಕೆಬಲ್ ತೀರಿಕೊಂಡರು.