ಆರು ನಗರಗಳ ಅಧ್ಯಯನ: ದತ್ತಾಂಶದಿಂದ ಕಾನೂನಿನವರೆಗೆ

ವಾಯುಮಾಲಿನ್ಯ ನಿಯಂತ್ರಣ ನೀತಿಯು ವೈಜ್ಞಾನಿಕ ಪುರಾವೆಯ ಆಧಾರದ ಮೇಲೆ ರೂಪುಗೊಂಡದ್ದಕ್ಕೆ ಅಮೆರಿಕದ ‘ಆರು ನಗರಗಳ ಅಧ್ಯಯನ’ ಪ್ರಮುಖ ನಿದರ್ಶನ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 8,111 ವಯಸ್ಕರನ್ನು 14ರಿಂದ 16 ವರ್ಷ ಗಮನಿಸಿ, 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಧೂಮಪಾನ ಮೊದಲಾದ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ನಂತರವೂ ಅತಿ ಮಲಿನ ನಗರವಾದ ಸ್ಟೂಬೆನ್‌ವಿಲ್‌ನ ಮರಣ ಪ್ರಮಾಣ, ಅತಿ ಕಡಿಮೆ ಮಾಲಿನ್ಯದ ಪೋರ್ಟೇಜ್‌ಗಿಂತ ಶೇ 26ರಷ್ಟು ಹೆಚ್ಚಿತ್ತು.

ಈ ಅಧ್ಯಯನವನ್ನೂ ಆಧರಿಸಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯು 1997ರಲ್ಲಿ ಪಿ.ಎಂ. 2.5 ಸೂಕ್ಷ್ಮ ಕಣಗಳಿಗೆ ಮೊದಲ ಬಾರಿಗೆ ಮಿತಿ ನಿಗದಿಪಡಿಸಿತು. ಘನ ಮೀಟರ್ ಗಾಳಿಯಲ್ಲಿ ವಾರ್ಷಿಕ ಸರಾಸರಿ 15 ಮೈಕ್ರೋಗ್ರಾಂ ಎಂಬುದೇ ಆ ಮಿತಿ.

ಮೂಲ ದತ್ತಾಂಶವನ್ನು ಬಹಿರಂಗಪಡಿಸಬೇಕೆಂದು ಉದ್ಯಮ ವಲಯ ಪಟ್ಟು ಹಿಡಿಯಿತು. ಆದರೆ ವೈಯಕ್ತಿಕ ವಿವರಗಳನ್ನು ಗೋಪ್ಯವಾಗಿಡುವುದಾಗಿ ಸಂಶೋಧಕರು ಅಧ್ಯಯನಕ್ಕೊಳಪಟ್ಟವರಿಗೆ ಮಾತು ಕೊಟ್ಟಿದ್ದರು. ಈ ಕಗ್ಗಂಟನ್ನು ಬಿಡಿಸಲು ದತ್ತಾಂಶವನ್ನು ಹೆಲ್ತ್ ಎಫೆಕ್ಟ್ಸ್ ಇನ್‌ಸ್ಟಿಟ್ಯೂಟ್‌ಗೆ ಒಪ್ಪಿಸಲಾಯಿತು. ಸರ್ಕಾರ ಮತ್ತು ವಾಹನ ಉದ್ಯಮ ಎರಡರಿಂದಲೂ ಹಣ ಪಡೆಯುವ ಈ ಸಂಸ್ಥೆಯ ಮರುವಿಶ್ಲೇಷಣೆಯು 2000ರಲ್ಲಿ ಮೂಲ ಫಲಿತಾಂಶವನ್ನು ದೃಢಪಡಿಸಿತು. ಆರೋಗ್ಯ ರಕ್ಷಣೆಯ ಮಿತಿ ನಿಗದಿಪಡಿಸುವಾಗ ಅನುಷ್ಠಾನದ ವೆಚ್ಚವನ್ನು ಪರಿಗಣಿಸುವಂತಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 2001ರಲ್ಲಿ ತೀರ್ಪಿತ್ತಿತು.

ಭಾರತವು ಪಿ.ಎಂ. 2.5ಕ್ಕೆ ರಾಷ್ಟ್ರೀಯ ಮಿತಿಯನ್ನು 2009ರಲ್ಲಿ ಗೊತ್ತುಪಡಿಸಿತು. ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಶಿಫಾರಸು ಮಾಡಿದ ಪ್ರಮಾಣ 5 ಮೈಕ್ರೋಗ್ರಾಂ.