ಬ್ರೋಂಡ್‌ಬಿ ಐಎಫ್: ಉಪನಗರದಿಂದ ಯುರೋಪಿನ ಅಂಗಳಕ್ಕೆ

ಕೋಪನ್‌ಹೇಗನ್ನಿನ ಪಶ್ಚಿಮ ಅಂಚಿನ ಬ್ರೋಂಡ್‌ಬಿಯಲ್ಲಿ ಅಕ್ಕಪಕ್ಕದ ಎರಡು ಸಣ್ಣ ಸಂಘಗಳು 1964ರ ಡಿಸೆಂಬರ್ 3ರಂದು ಒಂದಾದವು. ಹಳದಿ–ನೀಲಿ ಬಣ್ಣದ ಈ ಕ್ಲಬ್ ಹುಟ್ಟಿದ್ದು ಹಾಗೆ. ಡೆನ್ಮಾರ್ಕ್‌ನ ಅಗ್ರ ಶ್ರೇಣಿಯಲ್ಲಿ ಅದು ಆಡತೊಡಗಿದ್ದು 1982ರಲ್ಲಿ. ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು 1985ರಲ್ಲಿ.

ಡೆನ್ಮಾರ್ಕ್‌ನಲ್ಲಿ ಹಣ ಪಡೆದು ಫುಟ್‌ಬಾಲ್ ಆಡಲು ಅನುಮತಿ ಸಿಕ್ಕಿದ್ದೇ 1978ರಲ್ಲಿ. ಆ ಬಳಿಕವೂ ಹೆಚ್ಚಿನ ಆಟಗಾರರು ಹಗಲು ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುತ್ತಿದ್ದರು. 1986ರಲ್ಲಿ ಆಟಗಾರರನ್ನು ಪೂರ್ಣಾವಧಿ ವೃತ್ತಿಪರರನ್ನಾಗಿ ನೇಮಿಸಿಕೊಂಡು ಬ್ರೋಂಡ್‌ಬಿ ಈ ಪದ್ಧತಿಯನ್ನು ಮುರಿಯಿತು. ಡೇನಿಶ್ ಫುಟ್‌ಬಾಲ್‌ನ ದಿಕ್ಕನ್ನೇ ಬದಲಿಸಿದ ದಿಟ್ಟ ನಿರ್ಧಾರವದು. ಮರುವರ್ಷ ಕ್ಲಬ್ಬಿನ ಷೇರುಗಳು ಕೋಪನ್‌ಹೇಗನ್ ಷೇರುಪೇಟೆಗೂ ಬಂದವು.

ಮೈಕೆಲ್ ಮತ್ತು ಬ್ರಿಯಾನ್ ಲೌಡ್ರಪ್ ಸೋದರರು, ಗೋಲ್‌ಕೀಪರ್ ಪೀಟರ್ ಶ್ಮೈಕೆಲ್ ಇಲ್ಲಿ ಆಡಿಯೇ ಜಗತ್ತಿಗೆ ಪರಿಚಿತರಾದವರು. 1991ರ ಯುಇಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ರೋಮಾ ವಿರುದ್ಧದ ಎರಡನೇ ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ರೂಡಿ ಫೋಲರ್ ಹೊಡೆದ ಗೋಲು ಫೈನಲ್‌ ಕನಸನ್ನು ಕಸಿಯಿತು. ಅಭಿಮಾನಿಗಳಿಗೆ ಇಂದಿಗೂ ಮಾಯದ ಗಾಯವದು. ಆದರೆ 1992ರ ಯುರೋ ಕಪ್ ಫೈನಲ್‌ನಲ್ಲಿ ಡೆನ್ಮಾರ್ಕ್ ಜರ್ಮನಿಯನ್ನು 2–0ರಿಂದ ಮಣಿಸಿದಾಗ ಎರಡೂ ಗೋಲು ಬ್ರೋಂಡ್‌ಬಿ ಆಟಗಾರರವು: ಒಂದು ಜಾನ್ ಯೆನ್ಸನ್, ಇನ್ನೊಂದು ಕಿಮ್ ವಿಲ್ಫೋರ್ಟ್ ಗಳಿಸಿದ್ದು.

ಅದೇ ವರ್ಷ ಬ್ಯಾಂಕೊಂದನ್ನು ಕೊಳ್ಳಲು ಹೋಗಿ ಕ್ಲಬ್ ದಿವಾಳಿಯ ಅಂಚಿಗೆ ಬಂದು, ಪಾರಾಯಿತು. 1998ರಲ್ಲಿ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತ ತಲುಪಿ, ಬಯರ್ನ್ ಮ್ಯೂನಿಕ್ ತಂಡವನ್ನು 2–1ರಿಂದ ಸೋಲಿಸಿತು.

2005ರ ನಂತರ ಹದಿನಾರು ವರ್ಷ ಕಾದು, 2021ರಲ್ಲಿ ಬ್ರೋಂಡ್‌ಬಿ ತನ್ನ 11ನೇ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು.